ಹಂಚಿನ ಹಿಂದಿನ ಕಥೆ

ಮಂಗಳೂರು ಹಂಚನ್ನು ನೀವೆಲ್ಲ ನೋಡಿದ್ದೀರಿ. ಅದರ ಹಿಂದೆ ಒಂದು ಕ್ರೈಸ್ತ ಸಭೆ ಹೊಸಬರನ್ನು ಬರಮಾಡಿಕೊಂಡ ಕಥೆಯಿದೆ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದ ಅನೇಕರು ಮನೆ, ಜಾತಿ, ಕುಲಕಸುಬು ಮೂರನ್ನೂ ಕಳೆದುಕೊಂಡರು. ಕಳ್ಳು ಇಳಿಸುತ್ತಿದ್ದ ಬಿಲ್ಲವರಿಗೆ ಆ ಕಸುಬು ಮುಂದುವರಿಸಲು ಸಭೆಯೇ ಒಪ್ಪಲಿಲ್ಲ. ಹಾಗಾದರೆ ಹೊಟ್ಟೆಪಾಡು? ಪ್ರಾರ್ಥನೆಯಲ್ಲಿ ಜಾಗ ಕೊಟ್ಟರೆ ಸಾಲದು, ದುಡಿಮೆಯನ್ನೂ ಕೊಡಬೇಕಾಯಿತು. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಹೀಗೆ ಅವರಿಗೆ ಆಸರೆಯಾದವು.

1844ರಲ್ಲಿ ಸಭೆ ಸೇರಿದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ 1851ರಲ್ಲಿ ಬಾಸೆಲ್‌ನಿಂದ ಬೋಧಕರಾಗಿ ಮರಳಿದರು.

ಆದರೆ ಕೂಲಿ ಕೊಡುವವರೂ ಶಿಸ್ತು ವಿಧಿಸುವವರೂ ಒಬ್ಬರೇ ಆದಾಗ ಹೊಸಬನು ಬಂಧುವೋ, ಆಳೋ? ಯಾವ ಸಮುದಾಯವೇ ಆಗಲಿ, ಹೊಸಬರನ್ನು ಕರೆಯುವಾಗ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.