ಹೆತ್ತವೆಷ್ಟು, ಉಳಿದವೆಷ್ಟು: ಕ್ಲೋಸ್‌ಪೇಟೆಯ ಒಂದು ಚರಿತ್ರೆ

ಕಳೆದ ಸಂಕ್ರಾಂತಿಯ ದಿನ ಪಾರ್ಕ್‌ಮೋರ್‌ನ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಾಲ್ಕಾರು ಸಂಸಾರಗಳು ಎಳ್ಳು ಬೆಲ್ಲಕ್ಕೆ ಸೇರಿದ್ದೆವು. ಹೊರಗೆ ಯಥಾಪ್ರಕಾರ ಗಾಲ್ವೇ ಮಳೆ. ಆ ಮನೆಯ ಹುಡುಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಮಾದರಿಗೆಂದು 1911ನೇ ಇಸವಿಯ ಐರಿಷ್ ಜನಗಣತಿಯ ಹಾಳೆಯೊಂದರ ಪ್ರತಿಯನ್ನೂ ಕೊಟ್ಟಿದ್ದರು. ಈ ಹಾಳೆಗಳನ್ನೆಲ್ಲ ಇಲ್ಲಿಯ ರಾಷ್ಟ್ರೀಯ ಪತ್ರಾಗಾರದವರು ಯಾರು ಬೇಕಾದರೂ ಬಿಟ್ಟಿಯಾಗಿ ನೋಡುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಮಾತ್ರ ಸಂಬಂಧಿಸಿದ ಅಂಕಣಗಳಿವೆ: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು.

ಊರಿನಿಂದ ಬಂದಿದ್ದ ಅವನ ಅಜ್ಜಿ ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದರು. ಚನ್ನಪಟ್ಟಣದ ಆಚೆಯ ಹಳ್ಳಿಯವರು. "ನಿಮ್ಮಮ್ಮಂಗೆ ಎಷ್ಟು ಮಕ್ಕಳು ಅಜ್ಜಿ?" ಎಂದು ಹುಡುಗ ಕೇಳಿದ. "ನಾವು ಐದು ಜನ ಕಣಪ್ಪ" ಎಂದರು. ಹುಡುಗ ಬಿಡಲಿಲ್ಲ, ಅವನ ಹಾಳೆಯಲ್ಲಿ ಎರಡು ಅಂಕಣ ಇದ್ದುವಲ್ಲ. "ಅದು ಇರೋದು. ಹುಟ್ಟಿದ್ದೆಷ್ಟು?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಟ್ಟಿದ್ದು ಹನ್ನೊಂದು ಮಗ. ಅದನ್ನ ಯಾರು ಕೇಳ್ತಾರೆ?" ಎಂದರು. ಅವರ ಮಗನಿಗೇ ಇದು ಹೊಸ ಸುದ್ದಿ.

ಯಾರು ಕೇಳುತ್ತಾರೆ ಎಂಬ ಆ ಮಾತು ನಮ್ಮ ತಲೆಯಲ್ಲಿ ಉಳಿದುಕೊಂಡಿತು. ಅಜ್ಜಿಯ ಸೀಮೆಯಲ್ಲಿಯೇ, ಅವರು ಮಗುವಾಗಿದ್ದ ಕಾಲದಲ್ಲಿ, ಇದನ್ನು ಕೇಳಿದವರು ಇದ್ದರು. ಆ ಸಂಗತಿಯನ್ನು ನಮ್ಮ ಸದಸ್ಯ ಬಂಧುಗಳಿಗೆ ತಿಳಿಸಲೆಂದೇ ಈ ಲೇಖನ.

ಅಜ್ಜಿ ರಾಮನಗರವನ್ನು ಇಂದಿಗೂ ಕ್ಲೋಸ್‌ಪೇಟೆ ಎನ್ನುತ್ತಾರೆ. ಐರ್ಲೆಂಡಿನಲ್ಲಿರುವ ನಮಗೆ ಆ ಹೆಸರು ದೂರದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್ ಹುಟ್ಟಿದ್ದು ಅರ್ಮಾ ಕೌಂಟಿಯಲ್ಲಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಬೆಂಗಳೂರು ಮೈಸೂರು ದಾರಿಯ ಈ ಪೇಟೆಗೆ ಆತನ ಹೆಸರಿಟ್ಟರು. ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಊರು ರಾಮನಗರವಾಯಿತು. 2007ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಅರ್ಮಾದ ಸರದಾರನ ಹೆಸರು ಈಗ ಉಳಿದಿರುವುದು ಭೂವಿಜ್ಞಾನಿಗಳ ಬಾಯಲ್ಲಿ: ಅಲ್ಲಿಯ ಬಂಡೆಗೆ ಅವರು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಆ ಬಂಡೆ ಗೊತ್ತಿರುವುದು ಗಬ್ಬರ್ ಸಿಂಗನಿಂದ.

ಕ್ಲೋಸ್ ರೆಸಿಡೆಂಟನಾಗಿದ್ದಾಗಲೇ ಆ ದಾರಿಯಲ್ಲಿ ಹಾದುಹೋದವನು ಡಾಕ್ಟರ್ ಫ್ರಾನ್ಸಿಸ್ ಬುಕನನ್. 1800ರಲ್ಲಿ ಅವನನ್ನು ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯೂ ಐರ್ಲೆಂಡಿನವನೇ, ಮೀತ್ ಕೌಂಟಿಯವನು. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಬೇಕಾಗಿತ್ತು. ಬುಕನನ್ ವೈದ್ಯ, ಸಸ್ಯಶಾಸ್ತ್ರಜ್ಞ, ಚುರುಕು ಕಣ್ಣಿನವನು. ರಾಗಿಯನ್ನು ಹೇಗೆ ಬಿತ್ತುತ್ತಾರೆ, ಕೆರೆಯ ನೀರು ಯಾವ ಗದ್ದೆಗೆ, ಎತ್ತಿನ ತಳಿ ಯಾವುದು, ಚನ್ನಪಟ್ಟಣದಲ್ಲಿ ವೀಣೆಗೆ ಉಕ್ಕಿನ ತಂತಿ ಹೇಗೆ ಎಳೆಯುತ್ತಾರೆ, ಎಲ್ಲವನ್ನೂ ಬರೆದ. 1807ರಲ್ಲಿ ಅವನ ಬರಹ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಹಳೇ ಮೈಸೂರಿನ ಬೇಸಾಯದ ಬಗ್ಗೆ ಇಂದಿಗೂ ಅದಕ್ಕೆ ಸಮನಾದ ಆಕರ ಕಡಮೆ. ಆದರೆ ಅವನು ಮಾತಾಡಿದ್ದು ಗೌಡ, ಶಾನುಭೋಗ, ಸೆಟ್ಟಿ, ಪುರೋಹಿತರ ಜೊತೆ. ಎತ್ತುಗಳ ತಳಿ ಕೇಳಿದವನು ಬಾಣಂತಿಯರನ್ನು ಕೇಳಲಿಲ್ಲ. ಕೇಳಿ ಬರಲು ಅವನನ್ನು ಕಳಿಸಿಯೂ ಇರಲಿಲ್ಲ.

ಜನರನ್ನು ತಲೆಯೆಣಿಸುವುದು ಬಂದದ್ದು ಆಮೇಲೆ. ಮೈಸೂರು ಸಂಸ್ಥಾನದ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ನಡುವೆ 1876ರಿಂದ 78ರ ಬರ, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮ ಎನ್ನುತ್ತಿದ್ದುದು. ಇಲ್ಲಿಯ ನೆರೆಮನೆಯವರಿಗೆ ಈ ಲೆಕ್ಕ ವಿವರಿಸಿ ಹೇಳಬೇಕಾಗಿಲ್ಲ: ಐರ್ಲೆಂಡಿನ ಜನಸಂಖ್ಯೆ 1841ರಲ್ಲಿ ಸುಮಾರು 82 ಲಕ್ಷ, ಆಲೂಗೆಡ್ಡೆ ಕ್ಷಾಮ ಕಳೆದು 1851ರಲ್ಲಿ ಸುಮಾರು 65 ಲಕ್ಷ. ಸತ್ತವರ ಜೊತೆಗೆ ಹಡಗು ಹತ್ತಿದವರೂ ಈ ಕೊರತೆಯಲ್ಲಿ ಸೇರಿದ್ದಾರೆ. ಎರಡು ಕಡೆಯೂ ಗಣತಿ ಒಟ್ಟು ಮೊತ್ತವನ್ನು ಹೇಳಿತೇ ಹೊರತು ಒಂದು ಮನೆಯಲ್ಲಿ ನಡೆದದ್ದನ್ನು ಹೇಳಲಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬಂದರೆ ಸಂಸ್ಥಾನದ ಧೋರಣೆಯೇ ಬದಲಾದುದನ್ನು ಕಾಣುತ್ತೇವೆ. ಕನ್ನಂಬಾಡಿಯ ನಾಲೆ ಮಂಡ್ಯಕ್ಕೆ ಬಂದಾಗ ಕಬ್ಬಿನ ಜೊತೆಗೆ ಮಲೇರಿಯವೂ ಬಂತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ವೈದ್ಯರು ಸಂಸ್ಥಾನದವರೊಡನೆ ಸೇರಿ ಸೊಳ್ಳೆಯ ಜಾಡು ಹಿಡಿದರು. ಅದೇ 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಪ್ರಾರಂಭವಾಯಿತು. ದಾದಿಯರು, ಹೆಲ್ತ್ ಇನ್‌ಸ್ಪೆಕ್ಟರುಗಳು ಮನೆಮನೆಗೆ ಹೋಗಿ ಹೆರಿಗೆ, ಬಾವಿ ನೀರು, ಕಕ್ಕಸುಗಳನ್ನು ಗಮನಿಸುವ ಕೆಲಸ ಅದು. 1930ರಲ್ಲೇ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆಯಲು ಆಜ್ಞೆ ಮಾಡಿತು. ಒಂದು ಸರ್ಕಾರವೇ ಮುಂದಾಗಿ ಹೀಗೆ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲೆನ್ನುತ್ತಾರೆ. ಐದು ವರ್ಷದ ನಂತರ, 1935ರಲ್ಲಿ, ಐರ್ಲೆಂಡಿನ ಸರ್ಕಾರ ಸಂತಾನ ನಿಯಂತ್ರಣದ ಸಾಧನಗಳ ಮಾರಾಟವನ್ನೂ ಆಮದನ್ನೂ ಕಾನೂನು ಮಾಡಿ ನಿಷೇಧಿಸಿತು.

ಈಗ ಅಜ್ಜಿಯ ಬಾಲ್ಯದ ಕಾಲ. 1951ರಲ್ಲಿ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಗಾಂಧೀಜಿಯವರ ಶಿಷ್ಯೆಯಾದ ಆಕೆಗೆ ಔಷಧ ಸಾಧನಗಳು ಸಮ್ಮತವಿರಲಿಲ್ಲ. ದಿನ ಎಣಿಸಿ ಸಂಯಮದಿಂದಿರುವ ಕ್ರಮವಾದರೆ ಸರಿ ಎಂದರು. ನ್ಯೂಯಾರ್ಕಿನಿಂದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಎರಡು ಜಾಗ ಆರಿಸಿದರು: ಪಟ್ಟಣಕ್ಕೆ ದಿಲ್ಲಿಯ ಲೋದಿ ಕಾಲೊನಿ, ಹಳ್ಳಿಗಾಡಿಗೆ ನಮ್ಮ ರಾಮನಗರ.

ಓದು ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಸ್ಟೋನ್ ಒಂದು ಮಣಿಸರ ಮಾಡಿಸಿದರು. ಗರ್ಭ ನಿಲ್ಲದ ದಿನಗಳಿಗೆ ಹಸಿರು ಮಣಿ, ನಿಲ್ಲುವ ದಿನಗಳಿಗೆ ಕೆಂಪು ಮಣಿ. ದಿನಕ್ಕೊಂದು ಮಣಿ ಸರಿಸಬೇಕು. ತೊಡಕುಗಳು ಒಂದೊಂದಾಗಿ ಕಂಡವು. ರಾತ್ರಿ ಕತ್ತಲಲ್ಲಿ ಬಣ್ಣ ಕಾಣದು, ಆದ್ದರಿಂದ ಕೈಗೆ ತಿಳಿಯುವಂತೆ ಮಣಿಯ ಆಕಾರವನ್ನೇ ಬದಲಿಸಬೇಕಾಯಿತು. ಸರ ಕೊರಳಲ್ಲಿದ್ದರೆ ಇಡೀ ಊರಿಗೆ ಗುಟ್ಟು ರಟ್ಟು. ಕೆಲವರು ಅದನ್ನು ತಾಯಿತ ಎಂದುಕೊಂಡರೆಂದು ಒಂದು ಕತೆ ಹುಟ್ಟಿ ಪರದೇಶಗಳಲ್ಲೆಲ್ಲ ನಗೆಯ ವಸ್ತುವಾಯಿತು. ಆ ನಗೆ ನಮಗೆ ಹಿಡಿಸುವುದಿಲ್ಲ. ಹಾಲೂಡಿಸುವ ತಾಯಿಗೆ ಮುಟ್ಟೇ ಕ್ರಮ ತಪ್ಪಿರುತ್ತದೆ. ಅವಳ ದಿನಗಳನ್ನು ಯಾವ ಮಣಿ ಎಣಿಸೀತು? ಅತ್ತೆ, ನಾದಿನಿ, ಮಕ್ಕಳು ಒಂದೇ ತೊಟ್ಟಿಯಲ್ಲಿ ಮಲಗುವ ಮನೆಯಲ್ಲಿ, ಗಂಡನು ಕೆಂಪು ಮಣಿಗೆ ತಲೆಬಾಗದಿದ್ದರೆ, ಅವಳು ಮಾಡುವುದಾದರೂ ಏನು? ಕಲಿಯುತ್ತೇವೆ ಎಂದು ಮುಂದೆ ಬಂದ ದಂಪತಿಗಳು ಬಹಳ, ಕೊನೆಯವರೆಗೆ ಪಾಲಿಸಿದವರು ಕೆಲವೇ. ಆದರೂ ಆ ಮಣಿಸರದ ಉಪಾಯ ಪೂರ್ತಿ ಸಾಯಲಿಲ್ಲ. ಐವತ್ತು ವರ್ಷದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಸುಧಾರಿಸಿದ ಅಂಥದೇ ಸರವನ್ನು ಹೊರತಂದರು.

ಇಲ್ಲಿ ಐರ್ಲೆಂಡ್ ಮತ್ತೆ ಕತೆಗೆ ಬರುತ್ತದೆ. 1952ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯಲ್ಲಿ ನಾರ್ವೆಯ ಕಾರ್ಲ್ ಎವಾಂಗ್ ಅವರು, ಈ ವಿಷಯವನ್ನು ಸಂಸ್ಥೆ ಇನ್ನೂ ಗಂಭೀರವಾಗಿ ಕೈಗೆತ್ತಿಕೊಳ್ಳಲಿ ಎಂದು ಸೂಚಿಸಿದರು. ಐರ್ಲೆಂಡ್, ಬೆಲ್ಜಿಯಂ, ಇಟಲಿ ಮುಂತಾದ ದೇಶಗಳು ಬಲವಾಗಿ ವಿರೋಧಿಸಿದವು. ಸೂಚನೆ ಬಿದ್ದುಹೋಯಿತು. ಬಹುಕಾಲ ಸಂಸ್ಥೆ ಆ ಕಡೆ ತಲೆಹಾಕಲಿಲ್ಲ. ರಾಮನಗರದಲ್ಲಿ ಕಲಿಸುತ್ತಿದ್ದ ಕ್ರಮವಾದರೋ, 1951ರಲ್ಲಿ ಪೋಪ್ 12ನೇ ಪಯಸ್ ಅವರೇ ಕಾರಣವಿದ್ದಲ್ಲಿ ಕೂಡದೆಂದಿಲ್ಲ ಎಂದಿದ್ದ ಕ್ರಮ! ಗಾಲ್ವೇಯ ಹಳ್ಳಿಯ ತಾಯಿಗೂ ಕ್ಲೋಸ್‌ಪೇಟೆಯ ಹಳ್ಳಿಯ ತಾಯಿಗೂ ಆ ವರ್ಷಗಳಲ್ಲಿ ಸಿಕ್ಕ ಉತ್ತರ ಒಂದೇ. ಇಲ್ಲಿಯ ಹೆಂಗಸರು 1971ರಲ್ಲಿ ಬೆಲ್‌ಫಾಸ್ಟಿನಿಂದ ರೈಲಿನಲ್ಲಿ ನಿಷೇಧಿತ ಸಾಧನಗಳನ್ನು ಬಹಿರಂಗವಾಗಿ ಡಬ್ಲಿನ್‌ಗೆ ತಂದು ಸುಂಕದವರ ಮುಂದೆ ತೋರಿಸಿದರು. ಕಾನೂನು ಸಡಿಲವಾದದ್ದು 1979ರಲ್ಲಿ, ಅದೂ ವೈದ್ಯರ ಚೀಟಿಯ ಮೇಲೆ.

ಮಣಿಸರದ ಪ್ರಯೋಗದ ಕಾಲದಲ್ಲೇ ನಡೆದದ್ದು ಮೈಸೂರು ಜನಸಂಖ್ಯಾ ಅಧ್ಯಯನ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಮಾಡಿದ ಕೆಲಸ. ಕ್ಷೇತ್ರಕಾರ್ಯ 1951-52ರಲ್ಲಿ, ವರದಿ 1961ರಲ್ಲಿ. ಬೆಂಗಳೂರು ನಗರ, ಸಣ್ಣ ಪಟ್ಟಣಗಳು, ಬಯಲುಸೀಮೆ, ಮಲೆನಾಡು ಎಲ್ಲವೂ ಅದರಲ್ಲಿ ಸೇರಿದ್ದವು. ಅದರ ಹೊಣೆ ಹೊತ್ತವರಲ್ಲಿ ಸಿ. ಚಂದ್ರಶೇಖರನ್ ಒಬ್ಬರು. ಮನೆಮನೆಗೆ ಹೋದವರು ಹೆಂಗಸರನ್ನೇ ಕೇಳಿದರು: ಎಷ್ಟು ಹೆತ್ತಿರಿ, ಎಷ್ಟು ಉಳಿದವು, ಇನ್ನೂ ಬೇಕೇ? ಸಾಕು ಎಂದವರು ಅನೇಕರಿದ್ದರು. ಹೇಗೆಂಬುದು ತಿಳಿದಿದ್ದವರು ಬಹಳ ಕಡಮೆ. ಹಳ್ಳಿಯವರಿಗೆ ಮಕ್ಕಳ ಆಸೆ ಮುಗಿಯುವುದೇ ಇಲ್ಲ ಎಂದು ಪೇಟೆಯ ವಿದ್ಯಾವಂತರು ಆಡುತ್ತಿದ್ದ ಮಾತು ಅಲ್ಲಿಗೆ ಸುಳ್ಳಾಯಿತು.

ಆದರೆ ಕೇಳುವುದೂ ಒಂದು ವಿದ್ಯೆ. ಮಕ್ಕಳೆಷ್ಟು ಎಂದರೆ ತಾಯಿ ಬದುಕಿರುವವರನ್ನು ಹೇಳುತ್ತಾಳೆ, ಕೆಲವೊಮ್ಮೆ ಗಂಡುಮಕ್ಕಳನ್ನು ಮಾತ್ರ. ಆದ್ದರಿಂದ ಅನುಭವಸ್ಥ ತನಿಖೆಗಾರರು ಬಿಡಿಸಿ ಕೇಳುತ್ತಾರೆ: ಮನೆಯಲ್ಲಿರುವವರು, ಹೊರಗಿರುವವರು, ಕೊಟ್ಟ ಹೆಣ್ಣುಮಕ್ಕಳು, ತೀರಿಕೊಂಡವು, ಹೆಸರಿಡುವ ಮೊದಲೇ ಹೋದವು. ವಯಸ್ಸು ಗೊತ್ತಿಲ್ಲದಿದ್ದರೆ ಪ್ಲೇಗು ಬಂದಾಗ ನೀವು ಎಷ್ಟು ದೊಡ್ಡವರಿದ್ದಿರಿ ಎನ್ನುತ್ತಾರೆ.

ಇದಕ್ಕೂ ಸಿಕ್ಕದ ಜನನ ಮರಣಗಳಿಗೆ ಚಂದ್ರಶೇಖರನ್ ಅವರು ಅಮೆರಿಕದ ಡೆಮಿಂಗ್ ಅವರೊಡನೆ 1949ರಲ್ಲಿ ಒಂದು ಲೆಕ್ಕ ಕಂಡುಹಿಡಿದಿದ್ದರು. ಬಂಗಾಳದ ಸಿಂಗೂರಿನಲ್ಲಿ ಅದನ್ನು ಪರೀಕ್ಷಿಸಿದ್ದರು. ನಮ್ಮ ಮಕ್ಕಳಿಗೂ ತಿಳಿಯುವಂತೆ ಹೇಳುವುದಾದರೆ ಹೀಗೆ. ಒಂದು ಹಳ್ಳಿಯಲ್ಲಿ ಶಾನುಭೋಗರ ಪುಸ್ತಕದಲ್ಲಿ 60 ಜನನ ಎಂದಿರಲಿ. ಅದನ್ನು ನೋಡದೆ ಬೇರೆಯವರು ಮನೆಮನೆ ತಿರುಗಿ 80 ಬರೆದುಕೊಂಡಿರಲಿ. ಎರಡು ಪಟ್ಟಿಯಲ್ಲೂ ಇರುವ ಮಕ್ಕಳು 48. ಅಂದರೆ ಶಾನುಭೋಗರ 60ರಲ್ಲಿ ತಿರುಗಿದವರಿಗೆ ಸಿಕ್ಕಿದ್ದು 48, ನೂರಕ್ಕೆ 80. ನೂರಕ್ಕೆ 80 ಹಿಡಿಯುವವರ ಕೈಗೆ 80 ಸಿಕ್ಕಿದ್ದರೆ ಹುಟ್ಟಿದ್ದು 100. ಯಾರ ಪುಸ್ತಕದಲ್ಲೂ ಇಲ್ಲದ 8 ಶಿಶುಗಳು ಹೀಗೆ ಲೆಕ್ಕಕ್ಕೆ ಬಂದವು. ಎರಡು ಪಟ್ಟಿಗಳನ್ನು ತಾಳೆ ನೋಡುವ ಈ ಮಾರ್ಗವನ್ನೇ ಮುಂದೆ ಭಾರತದ ಮಾದರಿ ನೋಂದಣಿ ಪದ್ಧತಿಯಲ್ಲೂ ಅನುಸರಿಸಿದರು.

ಬೇಸಾಯದ ಕಡೆಯ ಸಂಶೋಧನೆಯನ್ನು ಚಿಕ್ಕದಾಗಿ ಹೇಳುತ್ತೇವೆ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬಾಕೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ನೆಲಸಿ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಇಲ್ಲ. ಆಕೆ ಕಂಡದ್ದು ಎದುರುನೋಡದ ಸಂಗತಿ: ನೀರು ಬಂದ ಊರು ಕಬ್ಬು ಬೆಳೆದು ಹಳೆಯ ಕಟ್ಟಿನಲ್ಲೇ ಉಳಿಯಿತು, ಬಾರದ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿಕೊಂಡು ಹೆಚ್ಚು ಬದಲಾದರು. ಸಿಲಿಕಾನ್ ಊರುಗಳಿಗೂ ಪಾರ್ಕ್‌ಮೋರ್‌ಗೂ ಬಂದ ನಮ್ಮಲ್ಲಿ ಎಷ್ಟು ಮಂದಿ ನೀರು ಬಾರದ ಊರಿನವರೋ ಎಣಿಸಿ ನೋಡಬೇಕು.

ವಿದ್ಯಾಭ್ಯಾಸದ ಪಾತ್ರ ಸ್ಪಷ್ಟವಾದದ್ದು 1979ರ ನಂತರ. ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳು ಬೆಂಗಳೂರಿನ ಪಾಪ್ಯುಲೇಷನ್ ಸೆಂಟರಿನ ಪಿ. ಎಚ್. ರೆಡ್ಡಿಯವರೊಡನೆ ಕರ್ನಾಟಕದ ಹಳ್ಳಿಗಳಲ್ಲಿ ಬೀಡುಬಿಟ್ಟು, ಅಂಕಿಗಳ ಹಿಂದಿನ ಮಾತನ್ನು ಕೇಳಿಸಿಕೊಂಡರು. ಮಗುವನ್ನು ಶಾಲೆಗೆ ಕಳಿಸಿದರೆ ದನ ಕಾಯುವ ಕೈ ಒಂದು ಕಡಮೆ, ಖರ್ಚು ಒಂದು ಹೆಚ್ಚು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರುತ್ತಿತ್ತು. ಕೆಲವೇ ಮಕ್ಕಳನ್ನು ಹೆತ್ತು ಓದಿಸೋಣ ಎಂಬ ಯೋಚನೆ ಸರ್ಕಾರದ ಗೋಡೆಬರಹದಿಂದಷ್ಟೇ ಬಂದದ್ದಲ್ಲ. ಇಂಥ ಅಧ್ಯಯನಗಳನ್ನು ಇಂದು ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯೂ ಧಾರವಾಡದ ಜನಸಂಖ್ಯಾ ಸಂಶೋಧನ ಕೇಂದ್ರವೂ ನಡೆಸಿಕೊಂಡು ಬಂದಿವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಐರ್ಲೆಂಡಿನದೂ 2ಕ್ಕಿಂತ ಕಡಮೆ.

ಹುಡುಗನ ವಂಶವೃಕ್ಷವನ್ನು ನಾವು ಹೊರಡುವ ಮುಂಚೆ ನೋಡಿದೆವು. ಮುತ್ತಜ್ಜಿಯ ಕೆಳಗೆ ಹನ್ನೊಂದು ಚೌಕ ಬರೆದಿದ್ದ. ಐದರಲ್ಲಿ ಹೆಸರು ತುಂಬಿತ್ತು. ಉಳಿದ ಆರರಲ್ಲಿ ಎರಡಕ್ಕೆ ಅಜ್ಜಿ ಹೆಸರು ಹೇಳಿದರು: ಪುಟ್ಟಮ್ಮ, ಚಿಕ್ಕಣ್ಣ. ಇನ್ನು ನಾಲ್ಕಕ್ಕೆ ಹೆಸರಿಟ್ಟಿರಲಿಲ್ಲವಂತೆ. ಹಾಗಾದರೆ ಅಲ್ಲಿ ಏನು ಬರೆಯಲಿ ಎಂದು ಹುಡುಗ ಕೇಳುತ್ತಿದ್ದ. "ಮಗು ಅಂತ ಬರಿ" ಎಂದರು ಅಜ್ಜಿ.