ಪಲ್ಟನ್ನಿಗೆ ಹೋದ ಚಿಕ್ಕೋಡಿ ಸೀಮೆ

2021ರ ನವೆಂಬರ್ 22ರಂದು ರಾಷ್ಟ್ರಪತಿ ಭವನದಲ್ಲಿ ಸ್ಯಾಪರ್ ಪ್ರಕಾಶ ಜಾಧವರ ಕೀರ್ತಿ ಚಕ್ರ ಪಡೆಯಲು ಎದ್ದು ಬಂದವರು ಇಬ್ಬರು ಹೆಂಗಸರು, ಅವರ ತಾಯಿ ಮತ್ತು ಹೆಂಡತಿ. ನಿಪ್ಪಾಣಿ ಬಳಿಯ ಬೂದಿಹಾಳದ ಪ್ರಕಾಶ ಒಂದನೇ ರಾಷ್ಟ್ರೀಯ ರೈಫಲ್ಸ್ ಜೊತೆ ಕಾಶ್ಮೀರದಲ್ಲಿದ್ದರು. 2018ರ ನವೆಂಬರ್ 27ರಂದು ಕುಲಗಾಮ ಜಿಲ್ಲೆಯಲ್ಲಿ ಉಗ್ರರ ಜೊತೆ ಕಾದಾಡುತ್ತ ಮಡಿದರು. ಚಿಕ್ಕೋಡಿ ಸೀಮೆಯ ಸಿಪಾಯಿಗಿರಿಯ ಇತಿಹಾಸ ಬರೆಯುವವರು ಆ ಇಬ್ಬರು ಹೆಂಗಸರನ್ನು ಬಿಟ್ಟು ಬರೆಯಲಾಗದು. ಇಲ್ಲಿ ಪಲ್ಟನ್ನಿಗೆ ಹೋದವನು ಒಬ್ಬನಾದರೂ ನೌಕರಿ ಮಾಡಿದ್ದು ಇಡೀ ಮನೆ.

ಕತ್ತಿ ಕಟ್ಟುವ ರೂಢಿ ಇಲ್ಲಿ ಬ್ರಿಟಿಷರಿಗಿಂತ ಹಳೆಯದು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ ಪೇಶ್ವೆಗಳ ಕಾಲದ ದೊಡ್ಡ ದಂಡಾಳು. ಅವರ ಕೋಟೆ ಸುತ್ತಲಿನ ಹಳ್ಳಿಗಳ ಗಂಡಸರಿಗೆ ಅನ್ನ ಕೊಟ್ಟಿತ್ತು. ಪೇಶ್ವಾಯಿ ಮುಳುಗಿದ ಮೇಲೆ ಆ ರೂಢಿ ಬ್ರಿಟಿಷರ ಮುಂಬಯಿ ಸೈನ್ಯದ ಮರಾಠಾ ಪಲ್ಟನ್ನುಗಳತ್ತ ತಿರುಗಿತು. ಇದೇ ಸೀಮೆಯ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನಕ್ಕೆ ರಾಜಾರಾಮ ರೈಫಲ್ಸ್ ಎಂಬ ಸ್ವಂತ ಪಡೆಯಿತ್ತು. ಸ್ವಾತಂತ್ರ್ಯಾನಂತರ ಅದೂ ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಬೆರೆಯಿತು.

ಮೊದಲ ಮಹಾಯುದ್ಧದಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳು ಮೆಸೊಪೊಟೇಮಿಯಾದ ಕುತ್ ಎಂಬ ಊರಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ ಮರುವರ್ಷ ಏಪ್ರಿಲ್ 29ರವರೆಗೆ ಮುತ್ತಿಗೆ. ಕಾಳು ಮುಗಿಯುತ್ತ ಬಂದಾಗ ಕುದುರೆ ಮಾಂಸ ಹಂಚಿದರು; ಧರ್ಮಕ್ಕೆ ಅಂಜಿ ಎಷ್ಟೋ ಸಿಪಾಯಿಗಳು ಮೊದಮೊದಲು ಅದನ್ನು ಮುಟ್ಟಲಿಲ್ಲ. ಶರಣಾದ ಮೇಲೆ ಮರುಭೂಮಿಯಲ್ಲಿ ನಡೆಸಿಕೊಂಡು ಹೋದ ಸೆರೆಯಾಳುಗಳಲ್ಲಿ ಸಾವಿರಾರು ಮಂದಿ ತಿರುಗಿ ಬರಲಿಲ್ಲ. ಕಾಗವಾಡದ ಆಚೆ, ಶಿರೋಳ ತಾಲ್ಲೂಕಿನ ಟಾಕಳಿ ಎಂಬ ಹಳ್ಳಿ ಆ ಯುದ್ಧಕ್ಕೂ ಮುಂದಿನ ಯುದ್ಧಗಳಿಗೂ ಕಳಿಸಿದ ಮಕ್ಕಳಿಂದಾಗಿಯೇ ‘ಸೈನಿಕ ಟಾಕಳಿ’ ಆಯಿತು.

1922ರಲ್ಲಿ ಸೇನೆಯನ್ನು ಪುನಾರಚಿಸಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರವನ್ನು ಬೆಳಗಾವಿಯಲ್ಲಿ ಇಟ್ಟರು. ಇದು ಬಹಳ ದೊಡ್ಡ ತಿರುವು. ಕುಡಚಿಯಲ್ಲೋ ರಾಯಬಾಗದಲ್ಲೋ ರೈಲು ಹತ್ತಿದ ಹುಡುಗ ಅದೇ ದಿನ ಭರ್ತಿಯ ಮೈದಾನದಲ್ಲಿ ನಿಲ್ಲಬಹುದಿತ್ತು. ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗಿ ಎಕರೆಗಳು ಗುಂಟೆಗೆ ಇಳಿದ ಮನೆಗೆ ತಿಂಗಳ ಪಗಾರ ಮಳೆ ನಂಬದ ಬೆಳೆಯಾಗಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗ ಬ್ಯಾರಕ್ಕಿನಲ್ಲಿ ಮರಾಠಿ ಕಲಿತ. ಎರಡನೇ ಮಹಾಯುದ್ಧದಲ್ಲಿ ಇದೇ ರೆಜಿಮೆಂಟು ಎರಿಟ್ರಿಯಾದ ಕೆರೆನ್ ಗುಡ್ಡಗಳನ್ನು ಹತ್ತಿತು, ಇಟಲಿಯ ಸೆನಿಯೊ ನದಿ ದಾಟಿತು.

ಊರಲ್ಲಿ ಉಳಿದ ಹೆಂಡತಿಯ ದುಡಿಮೆಗೆ ಪದಕವಿರಲಿಲ್ಲ. ಪೋಸ್ಟ್‌ಮನ್ ತರುವ ಮನಿಯಾರ್ಡರಿಗೆ ಹೆಬ್ಬೆಟ್ಟೊತ್ತಿ, ಸಾಲ ತೀರಿಸಿ, ತಂಬಾಕು ಕಟಾವು ಮಾಡಿಸಿ, ಅತ್ತೆ-ಮಾವರನ್ನು ನೋಡಿಕೊಂಡು, ಮಕ್ಕಳನ್ನು ಸಾಲೆಗೆ ಕಳಿಸಿದವಳು ಅವಳೇ. ಗಂಡನ ಸೂಟಿ ಚಿಂಚಲಿ ಮಾಯಕ್ಕನ ಜಾತ್ರೆಗೋ ತಂಗಿಯ ಮದುವೆಗೋ ಹೊಂದಿದರೆ ಆ ವರ್ಷ ಮನೆ ತುಂಬುತ್ತಿತ್ತು. ಮಗುವಿಗೆ ಅಪ್ಪನ ಗುರುತು ಹತ್ತುವಷ್ಟರಲ್ಲಿ ಟ್ರಂಕು ಮತ್ತೆ ಸ್ಟೇಶನ್ನಿಗೆ ಹೊರಡುತ್ತಿತ್ತು.

ಪಿಂಚಣಿಗೆ ಕನಿಷ್ಠ 15 ವರ್ಷ ಸೇವೆ ಬೇಕು. ಹದಿನೆಂಟಕ್ಕೆ ಸೇರಿದವನು ನಲವತ್ತರೊಳಗೇ ಮಾಜಿ ಸೈನಿಕ. ಎರಡನೇ ಬದುಕು ಅಲ್ಲಿಂದ ಶುರು: ಬ್ಯಾಂಕಿನ ಬಾಗಿಲಲ್ಲಿ ಬಂದೂಕು, ಸಕ್ಕರೆ ಕಾರ್ಖಾನೆಯ ಗೇಟು, ಬಸ್ಸಿನ ಸ್ಟೇರಿಂಗು, ಇಲ್ಲವೇ ಬಾವಿ ತೋಡಿಸಿ ಕಬ್ಬು. ಬೆಳಗಿನ ಜಾವ ಊರಿನ ಹುಡುಗರನ್ನು ಓಡಿಸುವ ಕೆಲಸವನ್ನು ಮಾತ್ರ ಅಂಥವರು ಪಗಾರವಿಲ್ಲದೆ ಮಾಡುತ್ತಾರೆ. ಭರ್ತಿಗೆ ಬೇಕಾದ 1,600 ಮೀಟರಿನ ಓಟ ಅವರಿಗೆ ಬಾಯಿಪಾಠ.

2022ರ ಜೂನ್‌ನಲ್ಲಿ ಅಗ್ನಿಪಥ ಭರ್ತಿ ಯೋಜನೆ ಬಂತು. ಸೇವೆ ನಾಲ್ಕು ವರ್ಷ. ಗರಿಷ್ಠ ಶೇ 25 ಮಂದಿಗಷ್ಟೇ ಮುಂದುವರಿಕೆ, ಉಳಿದವರಿಗೆ ಸೇವಾನಿಧಿಯ ಗಂಟು, ಪಿಂಚಣಿ ಇಲ್ಲ. ಹುಡುಗರು ಈಗಲೂ ಓಡುತ್ತಾರೆ. ಆದರೆ ಹೊಲ ಅಡವಿಟ್ಟು ಮಗನನ್ನು ಭರ್ತಿಗೆ ತಯಾರು ಮಾಡುವ ತಂದೆ ಲೆಕ್ಕ ಹಾಕಬೇಕಾದದ್ದು ಈಗ ಇಪ್ಪತ್ತೈದರೊಳಗೇ ಊರಿಗೆ ಮರಳಬಹುದಾದ ಮಗನ ಬದುಕನ್ನು.