ಹನ್ನೆರಡು ಪ್ರಯೋಗಗಳ ಜರಡಿ

ಯಂತ್ರವೊಂದರ ಹನ್ನೊಂದು ಬಿಡಿಭಾಗಗಳಲ್ಲಿ ಯಾವುದರ ಅಳತೆಯು ಕೂದಲೆಳೆಯಷ್ಟು ತಪ್ಪಿದರೂ ಇಡಿಯ ಯಂತ್ರ ಕೆಡುವುದು, ಯಾವುದರದು ತುಸು ಹೆಚ್ಚುಕಡಿಮೆಯಾದರೂ ಬಾಧಕವಿಲ್ಲ ಎಂಬುದನ್ನು ಪರೀಕ್ಷಿಸಿಯೇ ತಿಳಿಯಹೊರಟವನು, ಒಂದೊಂದು ಭಾಗಕ್ಕೆ ಎರಡೆರಡೇ ಅಳತೆಗಳನ್ನಿಟ್ಟುಕೊಂಡರೂ 2048 ಬಗೆಯ ಜೋಡಣೆಗಳನ್ನು ಮಾಡಿ ನೋಡಬೇಕಾಗುವುದು. ಅನೇಕ ಕಾರಣಗಳನ್ನು ಏಕಕಾಲದಲ್ಲಿ ಬದಲಿಸಿ ನೋಡುವ ಕ್ರಮವನ್ನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ಡಿನ ಕೃಷಿ ಸಂಶೋಧನಾ ಹೊಲಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಸ್ಥಾಪಿಸಿದ್ದರು. ಆದರೆ ಗೊಬ್ಬರ, ತಳಿಗಳಂತಹ ಕೆಲವೇ ಅಂಶಗಳಿಗೆ ಒಗ್ಗಿದ ಆ ಕ್ರಮವು ಕಾರ್ಖಾನೆಯ ಈ ಬಾಹುಳ್ಯದ ಮುಂದೆ ದುಬಾರಿಯಾಗಿ ಕಂಡಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರದ ಸರಬರಾಜು ಸಚಿವಾಲಯದಲ್ಲಿದ್ದ ಪ್ಲ್ಯಾಕೆಟ್ ಮತ್ತು ಬರ್ಮನ್ ಅವರು 1946ರ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಹನ್ನೊಂದು ಭಾಗಗಳ ಈ ಪರೀಕ್ಷೆಗೆ ಹನ್ನೆರಡೇ ಪ್ರಯೋಗಗಳು ಸಾಕೆಂದು ತೋರಿಸಿದರು. ಒಂದರಿಂದ ಐದರವರೆಗಿನ ಸಂಖ್ಯೆಗಳ ವರ್ಗಗಳನ್ನು 11ರಿಂದ ಭಾಗಿಸಿದರೆ ಉಳಿಯುವ ಶೇಷಗಳು 1, 4, 9, 5, 3. ಸೊನ್ನೆಯಿಂದ ಹತ್ತರವರೆಗೆ ಎಣಿಸಿದ ಹನ್ನೊಂದು ಸ್ಥಾನಗಳಲ್ಲಿ ಸೊನ್ನೆಗೂ ಈ ಐದಕ್ಕೂ ಧನಚಿಹ್ನೆಯನ್ನು, ಮಿಕ್ಕವಕ್ಕೆ ಋಣಚಿಹ್ನೆಯನ್ನು ಇಟ್ಟು, ಆ ಸಾಲನ್ನೇ ಚಕ್ರದಂತೆ ಒಂದೊಂದು ಸ್ಥಾನ ಸರಿಸುತ್ತ ಹನ್ನೊಂದು ಸಾಲುಗಳನ್ನು ಬರೆದು, ಕಡೆಗೆ ಎಲ್ಲವೂ ಋಣವಾದ ಸಾಲೊಂದನ್ನು ಸೇರಿಸಿದರೆ ಕೋಷ್ಟಕ ಸಿದ್ಧವಾಯಿತು. ಇದರ ಒಂದೊಂದು ಸಾಲು ಒಂದೊಂದು ಪ್ರಯೋಗ, ಒಂದೊಂದು ಸ್ಥಾನ ಒಂದೊಂದು ಭಾಗ; ಧನವೆಂದರೆ ಹಿರಿಯ ಅಳತೆ, ಋಣವೆಂದರೆ ಕಿರಿಯದು. ಯಾವ ಭಾಗವನ್ನು ಹಿಡಿದರೂ ಅದು ಆರು ಸಲ ಹಿರಿಯ ಅಳತೆಯಲ್ಲಿಯೂ ಆರು ಸಲ ಕಿರಿಯದರಲ್ಲಿಯೂ ಇದ್ದು, ಆ ಆರಾರರೊಳಗೆ ಮಿಕ್ಕ ಪ್ರತಿಯೊಂದು ಭಾಗವೂ ಮೂರು ಮೂರರಂತೆ ಸಮವಾಗಿ ಹಂಚಿಹೋಗಿರುವುದನ್ನು ಯಾರು ಬೇಕಾದರೂ ಎಣಿಸಿ ನೋಡಬಹುದು. ಇದರ ಹಿಂದಿನ ಗಣಿತವನ್ನು 1933ರಲ್ಲಿ ರಚಿಸಿದ ಗಣಿತಜ್ಞ ಪೇಲಿ, ಅದೇ ವರ್ಷ ಕೆನಡದ ಪರ್ವತಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಇಪ್ಪತ್ತಾರರ ಪ್ರಾಯದಲ್ಲಿ ಮಡಿದ ತರುಣ. ಯಂತ್ರಭಾಗಗಳ ಗೊಡವೆ ಅವನಿಗೆ ಇದ್ದಂತೆ ತೋರದು. ಇಂಥ ಕೋಷ್ಟಕಗಳ ವ್ಯಾಪಕ ಸಿದ್ಧಾಂತವನ್ನು 1947ರಲ್ಲಿ ಮುಂದಿಟ್ಟವರು ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್.

ಈ ಮಿತವ್ಯಯವು ಪುಕ್ಕಟೆಯದಲ್ಲ. ಎರಡು ಭಾಗಗಳು ಕೂಡಿದಾಗ ಮಾತ್ರ ಹುಟ್ಟುವ ಪರಿಣಾಮವು ಉಳಿದ ಒಂಬತ್ತರ ಲೆಕ್ಕದಲ್ಲಿಯೂ ಅಷ್ಟಿಷ್ಟು ಬೆರೆತುಹೋಗಿ, ನಿರಪರಾಧಿಯನ್ನು ಅಪರಾಧಿಯೆಂದು ತೋರಿಸಬಲ್ಲದು. ಆದಕಾರಣ ಈ ಜರಡಿಯಿಂದ ದೊರೆತುದನ್ನು ತೀರ್ಪೆಂದು ತಿಳಿಯದೆ, ಮುಂದಿನ ವಿಚಾರಣೆಗೆ ಕರೆಯತಕ್ಕವರ ಪಟ್ಟಿಯೆಂದು ತಿಳಿಯುವುದೇ ಯುಕ್ತವೆಂದು ನನ್ನ ಮತ.

ಗಣಕಯಂತ್ರದೊಳಗಿನ ಕೃತಕ ಮಾದರಿಗಳು ಬಂದಮೇಲೆ ಹನ್ನೊಂದೆಂಬುದು ಅಲ್ಪವಾಯಿತು. ಅಮೆರಿಕದ ಸೈನ್ಯಕ್ಕೆ ಸೇರುವವರ ರಕ್ತವನ್ನು ಒಬ್ಬೊಬ್ಬರದಾಗಿ ನೋಡದೆ, ಹಲವರದನ್ನು ಬೆರೆಸಿ ಪರೀಕ್ಷಿಸಿ, ದೋಷ ಕಂಡ ಗುಂಪನ್ನು ಮಾತ್ರ ಬಿಡಿಸಿ ನೋಡಬಹುದೆಂದು 1943ರಲ್ಲಿ ಡಾರ್ಫ್‌ಮನ್ ಸೂಚಿಸಿದ್ದ ಉಪಾಯವು ಇಲ್ಲಿ ಒದಗಿತು. ನೆದರ್ಲೆಂಡ್ಸಿನ ಬೆಟನ್‌ವಿಲ್ ಮತ್ತು ಕ್ಲೈನೆನ್ ಅವರು ವಾಯುಮಂಡಲದ ತಾಪವೃದ್ಧಿಯ ಮಾದರಿಯೊಂದರ 281 ಅಂಶಗಳನ್ನು ಗುಂಪುಗೂಡಿಸಿ, ಪರಿಣಾಮ ತೋರಿದ ಗುಂಪನ್ನು ಇಬ್ಭಾಗಿಸುತ್ತ ಸಾಗಿ, 154 ಸಲ ಮಾದರಿಯನ್ನು ನಡೆಸಿ, ಮುಖ್ಯವಾದ 15ನ್ನು ಹೊರತೆಗೆದುದನ್ನು 1997ರಲ್ಲಿ ಪ್ರಕಟಿಸಿದರು. ಒಂದೊಂದು ಅಂಶವು ಫಲವನ್ನು ಏರಿಸುವುದೋ ಇಳಿಸುವುದೋ ಎಂಬುದು ಮೊದಲೇ ತಿಳಿದಿದ್ದರೆ ಮಾತ್ರ ಈ ವಿಧಾನ ನಡೆಯುವುದು. ಇಲ್ಲವಾದರೆ ಒಂದೇ ಗುಂಪಿಗೆ ಬಿದ್ದ ಎರಡು ಪ್ರಬಲಾಂಶಗಳು ಪರಸ್ಪರ ಅಳಿಸಿಹಾಕಿ, ಗುಂಪಿಗೆ ಗುಂಪೇ ನಿರರ್ಥಕವೆಂದು ಹೊರಬೀಳುವುದು.